ಪದ ಬೇಕು: ದಾನಿ ಕೊಟ್ಟ ಕೋಶವೇ ಕ್ಯಾನ್ಸರ್ ಆದ್ರೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿಗೆ ಬಂದು ಸ್ಟೆಮ್ ಸೆಲ್ (ಮೂಳೆಯೊಳಗಿನ ಮಜ್ಜೆಯಲ್ಲಿ ರಕ್ತ ಹುಟ್ಟಿಸೋ ಕೋಶ) ಕಸಿ ಮಾಡಿಸ್ಕೊಳ್ಳೋರ ಮನೆಯವರಿಗೆ ಅಂತ ಒಂದು ಚಿಕ್ಕ ಕೈಪಿಡಿ ಬರೀತಿದೀನಿ, ಎರಡು ಕಡೆ ಪದ ಸಿಗ್ತಿಲ್ಲ. (‘ಕಾಂಡಕೋಶ’ ಅಂತ ಬರೆದ್ರೆ ವಾರ್ಡಲ್ಲಿ ಯಾರಿಗೂ ತಿಳಿಯಲ್ಲ, ಸ್ಟೆಮ್ ಸೆಲ್ ಅಂತಲೇ ಬಿಟ್ಟಿದೀನಿ.)

ಮೊದಲನೇದು ಜಿವಿಎಚ್‌ಡಿ (ಗ್ರಾಫ್ಟ್ ವರ್ಸಸ್ ಹೋಸ್ಟ್ ಡಿಸೀಸ್), ಅಂದ್ರೆ ಕಸಿ ಮಾಡಿದ ಕೋಶಗಳೇ ರೋಗಿಯ ದೇಹಕ್ಕೆ ತಿರುಗಿ ಬೀಳೋ ಕಾಯಿಲೆ. ‘ದೇಹ ಕಸಿಯನ್ನು ತಿರಸ್ಕರಿಸಿತು’ ಅಂತ ಪೇಪರಲ್ಲಿ ಓದಿ ಓದಿ ಜನ ಇದನ್ನೂ ಹಾಗೇ ಅಂದ್ಕೋತಾರೆ. ಕಿಡ್ನಿಗೆ ಆ ಮಾತು ಸರಿ, ಇಲ್ಲಿ ಉಲ್ಟಾ, ದಾನಿಯಿಂದ ಬಂದ ಟಿ ಕೋಶಗಳು (ಸೋಂಕಿನ ಜೊತೆ ಹೋರಾಡೋ ಬಿಳಿ ರಕ್ತಕೋಶಗಳು) ರೋಗಿಯ ಮೈಮೇಲೆ ಬೀಳ್ತವೆ, ಅಂಗೈ ಅಂಗಾಲು ಕೆಂಪಾಗಿ ಉರಿಯುತ್ತೆ, ಭೇದಿ ನಿಲ್ಲಲ್ಲ, ಲಿವರ್‌ಗೆ ತಗುಲಿದ್ರೆ ಕಣ್ಣು ಹಳದಿ ಆಗುತ್ತೆ, ತುಂಬಾ ದಿನ ಉಳಿದ್ರೆ ಬಾಯಿ ಒಣಗಿ ಸ್ವಲ್ಪ ಖಾರದ ಸಾರೂ ತಡೆಯಕ್ಕಾಗಲ್ಲ. ಸದ್ಯಕ್ಕೆ ‘ಕಸಿದಾಳಿ’ ಅಂತ ಹಾಕಿದೀನಿ. ಯಾರು ಯಾರ ಮೇಲೆ ಅನ್ನೋದು ಓದಿದ ಕೂಡ್ಲೇ ಗೊತ್ತಾಗುತ್ತಾ?

ಎರಡನೇದು ಇನ್ನೂ ಕಷ್ಟ. ಬಹಳ ಅಪರೂಪಕ್ಕೆ ಕಸಿ ಆದ್ಮೇಲೆ ಮತ್ತೆ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಬರುತ್ತೆ, ಆದ್ರೆ ಹಳೇದಲ್ಲ, ದಾನಿ ಕೊಟ್ಟ ಕೋಶಗಳೇ ರೋಗಿಯ ಮೈಯಲ್ಲಿ ಕೆಟ್ಟಿರ್ತವೆ. 1971ರಲ್ಲಿ ಮೊದಲು ವರದಿಯಾದ ಕೇಸಲ್ಲಿ ಮಜ್ಜೆ ಕೊಟ್ಟಿದ್ದು ಹುಡುಗಿಯ ಒಡಹುಟ್ಟಿದ ಹುಡುಗ, ಅವಳ ಕ್ಯಾನ್ಸರ್ ಕೋಶಗಳಲ್ಲಿ ಗಂಡಸರ ವೈ ಕ್ರೋಮೋಸೋಮ್ ಸಿಕ್ತು, ಅದ್ರಿಂದ ಗೊತ್ತಾಯ್ತು. ಹಾಗಾಗಿ ‘ಮರುಕಳಿಸಿತು’ ಅನ್ನೋ ಹಾಗಿಲ್ಲ. ‘ದಾನಿಮೂಲದ ಲ್ಯುಕೇಮಿಯಾ’ ಅನ್ನೋಣ ಅಂದ್ರೆ ಕೊಟ್ಟ ಅಕ್ಕನೋ ತಮ್ಮನೋ ಅದನ್ನ ಓದಿ ‘ನನ್ನಿಂದಲೇ ಬಂತಾ’ ಅಂತ ಕೊರಗ್ತಾರೆ, ನೆಂಟರು ಬಾಯಿಬಿಟ್ಟು ಅಂದೂಬಿಡ್ತಾರೆ. ಹೆಚ್ಚಿನ ಸಲ ದಾನಿ ಆರೋಗ್ಯವಾಗೇ ಇರ್ತಾರೆ, ಕೀಮೋ ರೇಡಿಯೇಷನ್ ತಿಂದು ಹಾಳಾದ ಮಜ್ಜೆಯೊಳಗೆ ಬೆಳೀಬೇಕಾಗಿದ್ದೂ ಒಂದು ಕಾರಣ ಇರಬಹುದು ಅಂತಾರೆ. ಪದದಲ್ಲಿ ದಾನಿ ಹೆಸರೇ ಬರಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ‘ಕಸಿಕೋಶದ ಲ್ಯುಕೇಮಿಯಾ’ ಹೇಗಿದೆ?

ಆಸ್ಪತ್ರೆಯಲ್ಲಿ ನರ್ಸ್, ಕೌನ್ಸೆಲರ್ ಆಗಿರೋರು ಇಲ್ಲಿದ್ರೆ ಮನೆಯವರಿಗೆ ಬಾಯಲ್ಲಿ ಹೇಗೆ ಹೇಳ್ತೀರ ಅಂತ ದಯವಿಟ್ಟು ಬರೀರಿ. ಬಳ್ಳಾರಿ, ರಾಯಚೂರು ಕಡೆಯವರಿಗೆ ‘ಕಸಿ’ ಅಂದ ತಕ್ಷಣ ಅರ್ಥ ಆಗುತ್ತೋ ಇಲ್ವೋ, ಅದನ್ನೂ ತಿಳಿಸಿ.