ಪ್ರಾಜೆಕ್ಟ್ 705 ಜಲಾಂತರ್ಗಾಮಿ: ಸೀಸ-ಬಿಸ್ಮತ್ ರಿಯಾಕ್ಟರನ್ನು ಬಂದರಿನಲ್ಲಿ ಆರಿಸೋಕೆ ಯಾಕೆ ಆಗ್ತಿರಲಿಲ್ಲ?

ವಿದ್ಯಾನಗರ_ಮೆಕ್ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಮೆಕ್ಯಾನಿಕಲ್ ಏಳನೇ ಸೆಮಿಸ್ಟರ್ ಸೆಮಿನಾರ್‌ಗೆ ಸೋವಿಯತ್ ಕಾಲದ ಪ್ರಾಜೆಕ್ಟ್ 705 ಲೀರಾ ತಗೊಂಡಿದ್ದೇನೆ. ನ್ಯಾಟೋದವರು ಆಲ್ಫಾ ಅಂತ ಕರೆಯುತ್ತಿದ್ದ ದಾಳಿ ಜಲಾಂತರ್ಗಾಮಿ. ಸುಮಾರು 41 ನಾಟ್ ಅಂದರೆ ಗಂಟೆಗೆ 76 ಕಿ.ಮೀ. ದಾವಣಗೆರೆಯಿಂದ ಚಿತ್ರದುರ್ಗದಷ್ಟು ದೂರವನ್ನು ನೀರಿನಡಿಯಲ್ಲೇ 50 ನಿಮಿಷದೊಳಗೆ ಮುಗಿಸುವ ವೇಗ. ಇಷ್ಟು ಒಳ್ಳೆಯ ಯಂತ್ರ ಇದ್ದೂ ಏಳೇ ನೌಕೆ ಕಟ್ಟಿ ನಿಲ್ಲಿಸಿದರು.

ನನಗೆ ಗೊತ್ತಾಗಬೇಕಿರೋದು ಮೂರು. ನೀರಿನ ರಿಯಾಕ್ಟರ್ ಆಗಲೇ ಪಳಗಿತ್ತಲ್ಲ, ಕರಗಿದ ಲೋಹ ಯಾಕೆ ಬೇಕಾಯಿತು? ಬಂದರಿಗೆ ಬಂದ ಮೇಲೂ ರಿಯಾಕ್ಟರ್ ಉರಿಸುತ್ತಲೇ ಇರಬೇಕಿತ್ತು ಅಂತಾರೆ, ನಿಜವಾಗಿ ಏನು ಅಡ್ಡ ಬರುತ್ತಿತ್ತು? ಟೈಟಾನಿಯಂ ಒಡಲು ಆಳಕ್ಕಾಗಿಯೋ ವೇಗಕ್ಕಾಗಿಯೋ? ಗೈಡ್ ಮೇಡಂ ಲೆಕ್ಕ ಕೇಳುತ್ತಾರೆ, ಅಂಕಿ ಸಮೇತ ಹೇಳಿದರೆ ಉಪಕಾರ.

ಏಳುಸುತ್ತಿನವ (ಚಿತ್ರದುರ್ಗ)

ಲೋಹದಿಂದ ಶುರು ಮಾಡಬೇಡಿ, ವೇಗದಿಂದ ಶುರು ಮಾಡಿ. ನೀರಿನೊಳಗೆ ಓಡೋಕೆ ಬೇಕಾದ ಶಕ್ತಿ ಹೆಚ್ಚುಕಮ್ಮಿ ವೇಗದ ಘನದಂತೆ ಏರುತ್ತದೆ. ಅದೇ ಕಾಲದ ಪ್ರಾಜೆಕ್ಟ್ 671, ಅಂದರೆ ವಿಕ್ಟರ್, ಸುಮಾರು 33 ನಾಟ್ ಓಡುತ್ತಿತ್ತು. ಅದಕ್ಕೆ 72 ಮೆಗಾವ್ಯಾಟ್ ಉಷ್ಣಶಕ್ತಿಯ ಎರಡು ನೀರಿನ ರಿಯಾಕ್ಟರ್, 31,000 ಅಶ್ವಶಕ್ತಿಯ ಟರ್ಬೈನ್. 41ನ್ನು 33ರಿಂದ ಭಾಗಿಸಿ ಘನ ಮಾಡಿ ನೋಡಿ, 1.9 ಬರುತ್ತದೆ. ಅದೇ ಒಡಲನ್ನು 41 ನಾಟ್‌ಗೆ ಎಳೆಯಲು ಹತ್ತಿರ ಹತ್ತಿರ ಎರಡು ಪಟ್ಟು ಶಕ್ತಿ ಬೇಕು. ಅಷ್ಟು ಶಕ್ತಿಗೆ ದೊಡ್ಡ ರಿಯಾಕ್ಟರ್, ಅದನ್ನು ಹೊರಲು ದೊಡ್ಡ ಒಡಲು, ಒಡಲು ದೊಡ್ಡದಾದರೆ ಮತ್ತೆ ಹೆಚ್ಚಿನ ಶಕ್ತಿ. ಈ ಸುತ್ತಿನಿಂದ ಹೊರಬರಲು ಲೆನಿನ್‌ಗ್ರಾಡ್‌ನ ಎಸ್‌ಕೆಬಿ-143 ಎಂಬ ವಿನ್ಯಾಸ ಸಂಸ್ಥೆಯವರು ಒಡಲನ್ನೇ ಚಿಕ್ಕದು ಮಾಡಿದರು. ಮುಖ್ಯ ವಿನ್ಯಾಸಕ ಮಿಖಾಯಿಲ್ ರುಸಾನೋವ್. ಉದ್ದ ಸುಮಾರು 81 ಮೀಟರ್, ಮೇಲ್ಮೈಯಲ್ಲಿ ತೇಲುವಾಗಿನ ತೂಕ ಸುಮಾರು 2,300 ಟನ್. ವಿಕ್ಟರ್‌ಗಿಂತ ಸಾವಿರ ಟನ್‌ಗೂ ಹೆಚ್ಚು ಹಗುರ. ಒಂದೇ ರಿಯಾಕ್ಟರ್, 155 ಮೆಗಾವ್ಯಾಟ್. ಶಾಫ್ಟ್‌ಗೆ 40,000 ಅಶ್ವಶಕ್ತಿ, ಅಂದರೆ ಸುಮಾರು 29 ಮೆಗಾವ್ಯಾಟ್. ಶೇ. 19ರಷ್ಟು ದಕ್ಷತೆ ಅಂತ ನೀವೇ ತೋರಿಸಬಹುದು.

ಕರಗಿದ ಲೋಹ ಬಂದದ್ದು ಇಲ್ಲಿ. ನೀರನ್ನು 300 ಡಿಗ್ರಿ ಆಸುಪಾಸು ಕುದಿಯದಂತೆ ಇಡಬೇಕೆಂದರೆ 150 ವಾಯುಭಾರಕ್ಕೂ ಹೆಚ್ಚಿನ ಒತ್ತಡ ಬೇಕು, ಅದಕ್ಕೆ ದಪ್ಪ ಪಾತ್ರೆ, ಒತ್ತಡ ಕಾಯುವ ದೊಡ್ಡ ಪ್ರೆಷರೈಸರ್. ಸೀಸ 44.5%, ಬಿಸ್ಮತ್ 55.5% ಸೇರಿದ ಯುಟೆಕ್ಟಿಕ್ (ಅತಿ ಕಡಿಮೆ ಬಿಸಿಗೆ ಕರಗುವ ಅಳತೆಯ) ಮಿಶ್ರಲೋಹ ಸುಮಾರು 125 ಡಿಗ್ರಿಗೆ ಕರಗುತ್ತದೆ, ಕುದಿಯುವುದು 1670 ಡಿಗ್ರಿಗೆ. ಹಾಗಾಗಿ ಪ್ರೈಮರಿ ಲೂಪ್‌ನಲ್ಲಿ, ಅಂದರೆ ರಿಯಾಕ್ಟರ್‌ನ ಶಾಖ ಹೊತ್ತು ಸುತ್ತುವ ಕೊಳವೆಗಳಲ್ಲಿ, ಹೇಳಿಕೊಳ್ಳುವಂಥ ಒತ್ತಡವೇ ಬೇಡ. ಪೈಪ್ ಒಡೆದರೂ ನೀರಿನ ಹಾಗೆ ಒಮ್ಮೆಲೇ ಉಗಿಯಾಗಿ ಹಾರಿಹೋಗುವುದಿಲ್ಲ. ಸೋಡಿಯಂ ಥರ ನೀರು ತಾಗಿದರೆ ಬೆಂಕಿ ಹತ್ತುವುದೂ ಇಲ್ಲ. ರಿಯಾಕ್ಟರ್ ವಿಭಾಗ ಕುಗ್ಗಿತು, ಶಕ್ತಿಯನ್ನು ಬೇಗ ಏರಿಸಿ ಇಳಿಸಲೂ ಸಾಧ್ಯವಾಯಿತು. ಲೆನಿನ್‌ಗ್ರಾಡ್‌ನ ಅಡ್ಮಿರಾಲ್ಟಿ ಕಾರ್ಖಾನೆಯ ನೌಕೆಗಳಿಗೆ ಓಕೆ-550 ರಿಯಾಕ್ಟರ್, ಸೆವೆರೊದ್ವಿನ್ಸ್ಕ್‌ನಲ್ಲಿ ಕಟ್ಟಿದ 705ಕೆ ನೌಕೆಗಳಿಗೆ ಬಿಎಂ-40ಎ. ಇವೆರಡನ್ನೂ ಒಂದೇ ಅಂತ ಬರೆಯಬೇಡಿ, ವಿನ್ಯಾಸ ಮಾಡಿದ ಸಂಸ್ಥೆಗಳೇ ಬೇರೆ.

ತೊಂದರೆಗಳ ಪೈಕಿ ನಾನು ಮೊದಲು ಇಡುವುದು ಆಕ್ಸಿಜನ್. ಜನ ಹೆಪ್ಪುಗಟ್ಟುವುದನ್ನೇ ಹೇಳುತ್ತಾರೆ, ಆದರೆ ಪ್ರಾಣ ತೆಗೆದದ್ದು ಆಕ್ಸೈಡ್ ಕಸ. ಲೋಹದಲ್ಲಿ ಆಕ್ಸಿಜನ್ ಹೆಚ್ಚಾದರೆ ಸೀಸದ ಆಕ್ಸೈಡ್ ಗಸಿಯಾಗಿ ಕೂತು ಇಂಧನದ ನಡುವಿನ ಸಂದುಗಳನ್ನು ಮುಚ್ಚುತ್ತದೆ. ಕಡಿಮೆಯಾದರೆ ಉಕ್ಕಿನ ಮೇಲಿನ ರಕ್ಷಣೆಯ ಆಕ್ಸೈಡ್ ಪದರ ಕಳಚಿ, ಉಕ್ಕಿನೊಳಗಿನ ನಿಕ್ಕಲ್ ದ್ರವಕ್ಕೆ ಕರಗಿ ಹೋಗುತ್ತದೆ. ಎರಡರ ನಡುವಿನ ಕಿರಿದಾದ ಪಟ್ಟಿಯಲ್ಲೇ ಹಿಡಿದಿಡಬೇಕು. ಪ್ರಯೋಗಕ್ಕೆಂದು ಇದೇ ಲೋಹದ ಎರಡು ರಿಯಾಕ್ಟರ್ ಹಾಕಿದ್ದ ಕೆ-27 ನೌಕೆಯಲ್ಲಿ 1968ರ ಮೇ 24ರಂದು ಆದದ್ದು ಇದೇ. ಗಸಿ ಕಟ್ಟಿ, ಇಂಧನ ಸುಟ್ಟು, ಎಡಬದಿಯ ರಿಯಾಕ್ಟರ್‌ನ ಶಕ್ತಿ ಏಕಾಏಕಿ 7% ಆಸುಪಾಸಿಗೆ ಕುಸಿಯಿತು. ವಿಕಿರಣಕ್ಕೆ ಸಿಕ್ಕವರಲ್ಲಿ ಒಂಬತ್ತು ಜನ ತೀರಿಕೊಂಡರು. 705ರ ಹೊತ್ತಿಗೆ ಲೋಹದ ಶುದ್ಧತೆ ಕಾಯುವುದು, ಹೈಡ್ರೋಜನ್ ಬೆರೆಸಿದ ಅನಿಲ ಹಾಯಿಸಿ ಆಕ್ಸೈಡನ್ನು ಮತ್ತೆ ಸೀಸವಾಗಿಸುವುದು ಕೆಲಸದ ಭಾಗವೇ ಆಯಿತು.

ವಿದ್ಯಾನಗರ_ಮೆಕ್ (ದಾವಣಗೆರೆ)

ತುಂಬಾ ಧನ್ಯವಾದ ಸರ್, ಘನದ ಲೆಕ್ಕ ಸ್ಲೈಡ್‌ಗೆ ಹಾಕ್ತೀನಿ. ಒಂದು ಅನುಮಾನ. ರಿಯಾಕ್ಟರ್ ಆರಿಸಿದ ಮೇಲೂ ಡಿಕೇ ಹೀಟ್ (ಇಂಧನದ ವಿಕಿರಣದಿಂದ ಹುಟ್ಟುವ ಉಳಿಕೆ ಶಾಖ) ಇರುತ್ತಲ್ಲ, ಲೋಹ ಕರಗಿರೋಕೆ ಅದೇ ಸಾಕಾಗಲ್ವಾ?

ಬಾಯ್ಲರ್ ಮನೆ (ದಾವಣಗೆರೆ)

ಕೆಲವು ದಿನಕ್ಕೆ ಸಾಕು, ಆಮೇಲೆ ಸಾಲದು. ತುಂಬಾ ಕಾಲ ಪೂರ್ಣ ಶಕ್ತಿಯಲ್ಲಿ ಓಡಿದ್ದ ರಿಯಾಕ್ಟರ್ ಆದರೆ ಆರಿಸಿದ ಕ್ಷಣ 6% ಚಿಲ್ಲರೆ ಉಳಿಯುತ್ತದೆ, ಅಂದರೆ 155ರಲ್ಲಿ ಸುಮಾರು 9 ಮೆಗಾವ್ಯಾಟ್. ಒಂದು ದಿನದ ನಂತರ ಅರ್ಧ ಪರ್ಸೆಂಟ್ ಆಸುಪಾಸು, ಮುಕ್ಕಾಲು ಮೆಗಾವ್ಯಾಟ್. ಆದರೆ ಜಲಾಂತರ್ಗಾಮಿ ಬಹುಪಾಲು ಹೊತ್ತು ಸಣ್ಣ ಶಕ್ತಿಯಲ್ಲೇ ತೆವಳುತ್ತದೆ, ಹಾಗಾಗಿ ಈ ಅಂಕಿಗಳೂ ಅದೇ ಪ್ರಮಾಣದಲ್ಲಿ ಇಳಿಯುತ್ತವೆ. ಹೊರಗೆ ಬ್ಯಾರೆಂಟ್ಸ್ ಸಮುದ್ರದ ತಣ್ಣೀರು. ಇಂಧನವಿರುವ ಕೋರ್ ಒಳಗೆ ಬಿಸಿ ಇದ್ದರೂ ಮೊದಲು ಗಟ್ಟಿಯಾಗುವುದು ಕೋರ್‌ನಿಂದ ದೂರದ ತೆಳು ಪೈಪುಗಳು, ಸ್ಟೀಮ್ ಜನರೇಟರ್‌ನ ಮೂಲೆಗಳು. ಸೆಮಿನಾರ್‌ನಲ್ಲಿ ಇದನ್ನು ಒತ್ತಿ ಹೇಳಿ. ಹೆಪ್ಪುಗಟ್ಟುವುದು ಒಟ್ಟು ಶಾಖದ ಕೊರತೆಯಿಂದಲ್ಲ, ಶಾಖ ಎಲ್ಲ ಮೂಲೆಗೂ ತಲುಪದೆ ಇರುವುದರಿಂದ.

ವಿನ್ಯಾಸಕರಿಗೆ ಇದು ಗೊತ್ತಿತ್ತು. ಧಕ್ಕೆಯಲ್ಲಿ ಉಗಿ ಘಟಕ ಕಟ್ಟಿ, ಅಲ್ಲಿಂದ ಬಿಸಿ ಉಗಿಯನ್ನು ನೌಕೆಗೆ ಹಾಯಿಸಿ ಲೂಪನ್ನು 125 ಡಿಗ್ರಿಗಿಂತ ಮೇಲೆ ಇಡುವುದು ಅವರ ಯೋಜನೆ. ಪಕ್ಕದಲ್ಲಿ ಉಗಿ ಕೊಡುವ ಒಂದು ಹಡಗನ್ನೂ ನಿಲ್ಲಿಸಿದ್ದರು. ಆದರೆ ಈ ನೌಕೆಗಳು ನಿಲ್ಲುತ್ತಿದ್ದ ಜಾಪದ್ನಾಯಾ ಲಿತ್ಸಾ ನೆಲೆಯಲ್ಲಿ ಈ ವ್ಯವಸ್ಥೆ ನೌಕೆಯ ಮಟ್ಟಕ್ಕೆ ಬರಲೇ ಇಲ್ಲ. ಬಾಯ್ಲರ್ ಕೆಟ್ಟು ನಿಲ್ಲುತ್ತಿತ್ತು, ಉಗಿಯ ಒತ್ತಡ ಸಾಲುತ್ತಿರಲಿಲ್ಲ, 1980ರ ದಶಕದ ಮೊದಲಲ್ಲಿ ಪೂರ್ತಿ ಕೈಕೊಟ್ಟಿತು. ಆಮೇಲೆ ಉಳಿದ ದಾರಿ ರಿಯಾಕ್ಟರನ್ನು ಕನಿಷ್ಠ ಶಕ್ತಿಯಲ್ಲಿ ಉರಿಸುತ್ತಲೇ ಇರುವುದು. ಅದರ ಬೆಲೆ ಮೂರು ಕಡೆ ತೆರಬೇಕಾಯಿತು. ಬಂದರಿನಲ್ಲೂ ಪಾಳಿ ಹಾಕಿ ತರಬೇತಿ ಪಡೆದವರು ಕಾಯಬೇಕು. ಪಂಪ್, ಬೇರಿಂಗ್ ಬಿಡುವಿಲ್ಲದೆ ಸವೆಯುತ್ತವೆ. ರಿಯಾಕ್ಟರ್ ವಿಭಾಗದ ರಿಪೇರಿಗೆ ಒಳಹೋಗುವ ಅವಕಾಶವೇ ಸಿಗುವುದಿಲ್ಲ.

ಗಟ್ಟಿಯಾದದ್ದನ್ನು ಮತ್ತೆ ಕರಗಿಸಬಹುದು, ಆದರೆ ಕ್ರಮ ತಪ್ಪಬಾರದು. ಈ ಮಿಶ್ರಲೋಹ ಗಟ್ಟಿಯಾದ ಮೇಲೂ ನಿಧಾನಕ್ಕೆ ಹಿಗ್ಗುತ್ತದೆ, ಕಾಯಿಸಿದಾಗಲೂ ಹಿಗ್ಗುತ್ತದೆ. ಅದಕ್ಕೇ ಮೇಲೆ ಅನಿಲ ಇರುವ ಮುಕ್ತ ಮೇಲ್ಮೈ ಕಡೆಯಿಂದ ಕರಗಿಸುತ್ತಾ ಒಳಗೆ ಹೋಗಬೇಕು. ನಡುವಿನ ಭಾಗ ಮೊದಲು ಕರಗಿ ಎರಡು ಕಡೆ ಗಟ್ಟಿ ಬಿರಡೆ ಉಳಿದರೆ ಹಿಗ್ಗಲು ಜಾಗವಿಲ್ಲದೆ ಕೊಳವೆ ಸೀಳುತ್ತದೆ. 1971ರ ಕೊನೆಗೆ ಸೇವೆಗೆ ಬಂದ ಮೊದಲ ನೌಕೆ ಕೆ-64ರಲ್ಲಿ 1972ರಲ್ಲೇ ಲೋಹ ಹೆಪ್ಪುಗಟ್ಟಿತು. 1974ರಲ್ಲಿ ಅದನ್ನು ಪಟ್ಟಿಯಿಂದ ತೆಗೆದರು. ಉಳಿದ ಆರು ಬಂದದ್ದು 1977ರಿಂದ 1981ರ ನಡುವೆ.

ಪೊಲೋನಿಯಂ ಬಿಡಬೇಡಿ. ಬಿಸ್ಮತ್-209 ನ್ಯೂಟ್ರಾನ್ ನುಂಗಿ ಬಿಸ್ಮತ್-210 ಆಗುತ್ತದೆ, ಅದು ಬೀಟಾ ಕಳೆದು ಪೊಲೋನಿಯಂ-210. ಅರ್ಧಾಯುಷ್ಯ 138 ದಿನ, ಆಲ್ಫಾ ಕಣ ಉಗುಳುತ್ತದೆ. ಹೊರಚರ್ಮಕ್ಕೆ ಅಪಾಯವಿಲ್ಲ, ಉಸಿರಲ್ಲಿ ಒಳಹೋದರೆ ಮಾರಕ. 1982ರ ಏಪ್ರಿಲ್‌ನಲ್ಲಿ ಕೆ-123ರ ಸ್ಟೀಮ್ ಜನರೇಟರ್ ಸೋರಿ ಸುಮಾರು ಎರಡು ಟನ್ ಲೋಹ ವಿಭಾಗದೊಳಗೆ ಚೆಲ್ಲಿತು. ಒರೆಸಿ ಸರಿಮಾಡುವ ಮಾತೇ ಇರಲಿಲ್ಲ. ರಿಯಾಕ್ಟರ್ ವಿಭಾಗವನ್ನೇ ಕತ್ತರಿಸಿ ತೆಗೆದು ನೀರಿನ ರಿಯಾಕ್ಟರ್ ಇರುವ ಹೊಸ ವಿಭಾಗ ಕೂರಿಸಿದರು. ಆ ಕೆಲಸಕ್ಕೆ ಹತ್ತು ವರ್ಷದ ಹತ್ತಿರ ಹಿಡಿಯಿತು.

ಟಿಗ್_ಹರಿಹರ

ಟೈಟಾನಿಯಂ ಬಗ್ಗೆ ನಾನು ಹೇಳ್ತೀನಿ. ಇದು ಆಳಕ್ಕಾಗಿ ಅಲ್ಲ, ತೂಕಕ್ಕಾಗಿ. ಸಾಂದ್ರತೆ 4.5, ಉಕ್ಕಿನದು 7.85. ಚಿಕ್ಕ ಒಡಲಿಗೆ ಅಷ್ಟು ಶಕ್ತಿಯ ಯಂತ್ರ ತುಂಬಿದ ಮೇಲೆ ತೂಕವನ್ನು ಇನ್ನೆಲ್ಲಿ ಉಳಿಸುವುದು? ಆಯಸ್ಕಾಂತಕ್ಕೆ ಸಿಗುವುದಿಲ್ಲ, ಉಪ್ಪುನೀರಿಗೆ ತುಕ್ಕು ಹಿಡಿಯುವುದಿಲ್ಲ ಅನ್ನುವುದು ಜೊತೆಗೆ ಬಂದ ಲಾಭ. ಪಶ್ಚಿಮದವರು ಆಗ ಈ ನೌಕೆ 700 ಮೀಟರ್‌ಗೂ ಕೆಳಗೆ ಇಳಿಯುತ್ತದೆ ಅಂದುಕೊಂಡಿದ್ದರು. ನಿಜವಾದ ಮಿತಿ 400 ಮೀಟರ್, ಅಂದರೆ 40 ವಾಯುಭಾರ. ಆಳಕ್ಕೆಂದೇ ಕಟ್ಟಿದ ಟೈಟಾನಿಯಂ ನೌಕೆ ಬೇರೆ, ಪ್ರಾಜೆಕ್ಟ್ 685ರ ಕೆ-278. ಅದು 1985ರ ಆಗಸ್ಟ್ 4ರಂದು ಸಾವಿರ ಮೀಟರ್ ದಾಟಿತು. ಇಂಟರ್ನೆಟ್‌ನಲ್ಲಿ ಇವೆರಡನ್ನೂ ಕಲಸಿ ಬರೆದವರೇ ಹೆಚ್ಚು, ನೀವು ಬೇರೆ ಬೇರೆ ಇಡಿ.

ಬೆಸುಗೆಯೇ ದೊಡ್ಡ ಕೆಲಸ. 400 ಡಿಗ್ರಿ ದಾಟಿದರೆ ಟೈಟಾನಿಯಂ ಗಾಳಿಯಿಂದ ಆಕ್ಸಿಜನ್, ನೈಟ್ರೋಜನ್, ಹೈಡ್ರೋಜನ್ ಮೂರನ್ನೂ ಹೀರಿಕೊಂಡು ಪೆಡಸಾಗುತ್ತದೆ. ಸ್ಟೇನ್‌ಲೆಸ್ ಬೆಸೆದ ಕೈಗೆ ಬೆಸುಗೆ ಟಾರ್ಚ್‌ನ ಆರ್ಗಾನ್ ಅನಿಲದ ಹೊದಿಕೆ ಸಾಕು ಅನ್ನಿಸುತ್ತದೆ, ಇಲ್ಲಿ ಸಾಲದು. ಟಾರ್ಚ್ ಮುಂದೆ ಹೋದ ಮೇಲೂ ಹಿಂದಿನ ಬೆಸುಗೆ ತಣ್ಣಗಾಗುವವರೆಗೆ ಆರ್ಗಾನ್ ಹಾಯಿಸುವ ಟ್ರೇಲಿಂಗ್ ಶೀಲ್ಡ್ ಬೇಕು, ಬೆನ್ನಿನ ಕಡೆಯಿಂದಲೂ ಆರ್ಗಾನ್ ತುಂಬುವ ಪರ್ಜಿಂಗ್ ಬೇಕು. ಬಣ್ಣ ನೋಡಿದರೆ ತಿಳಿಯುತ್ತದೆ. ಬೆಳ್ಳಿಯ ಹೊಳಪು ಅಥವಾ ತೆಳು ಹುಲ್ಲುಬಣ್ಣ ಇದ್ದರೆ ಸರಿ. ನೀಲಿಗೆ ತಿರುಗಿದರೆ ಆರ್ಗಾನ್ ತಪ್ಪಿದೆ ಅಂತ ತಿಳಿಯಬೇಕು. ಬೂದು ಅಥವಾ ಬಿಳಿ ಪುಡಿ ಕಂಡರೆ ಕತ್ತರಿಸಿ ಹೊಸದಾಗಿ ಹಾಕಬೇಕು, ಮೇಲೆ ಉಜ್ಜಿ ಹೊಳಪು ಬರಿಸಿದರೆ ಒಳಗಿನ ಪೆಡಸು ಹೋಗುವುದಿಲ್ಲ. ಹೈಡ್ರೋಜನ್ ಹೀರಿದ ಬೆಸುಗೆ ಆ ದಿನದ ಎಕ್ಸ್-ರೇಯಲ್ಲಿ ಚೊಕ್ಕವಾಗಿ ಕಂಡು ವಾರಗಳ ಮೇಲೆ ಬಿರುಕು ಬಿಡಬಹುದು. ಸಣ್ಣ ಪೈಪಿಗೇ ಇಷ್ಟು ಎಚ್ಚರ ಬೇಕಾದರೆ, ದಪ್ಪ ತಗಡಿನ 81 ಮೀಟರ್ ಒಡಲಿಗೆ ಎಷ್ಟು ಬೇಕು ಅಂತ ಯೋಚಿಸಿ. ಆ ಬೆಸುಗೆಗಾರರ ಕೆಲಸದ ಮೇಲೆ ನನಗೆ ಬಹಳ ಗೌರವ.

ಇನ್ನೊಂದು, ಸಮುದ್ರದ ನೀರಿನಲ್ಲಿ ಟೈಟಾನಿಯಂಗೆ ನೇರವಾಗಿ ತಾಗಿಕೊಂಡ ಉಕ್ಕಿನ ಬೋಲ್ಟ್, ವಾಲ್ವ್ ಬೇಗ ತಿಂದುಹೋಗುತ್ತವೆ. ನಡುವೆ ವಿದ್ಯುತ್ ಹರಿಯದಂತೆ ಇನ್ಸುಲೇಷನ್ ಕೊಡಲೇಬೇಕು.

ಏಳುಸುತ್ತಿನವ (ಚಿತ್ರದುರ್ಗ)

ಬಾಯ್ಲರ್ ಮನೆಯವರು ಧಕ್ಕೆಯ ಬಗ್ಗೆ ಬರೆದದ್ದು ಈ ಪ್ರಾಜೆಕ್ಟ್‌ನ ಗಂಟು ಅಂತಲೇ ನನ್ನ ಅಭಿಪ್ರಾಯ. ಸಿಬ್ಬಂದಿಯ ಲೆಕ್ಕ ಸೇರಿಸಿದರೆ ಸ್ಪಷ್ಟವಾಗುತ್ತದೆ. ಆಗಿನ ಬೇರೆ ದಾಳಿ ನೌಕೆಗಳಲ್ಲಿ ನೂರರ ಹತ್ತಿರ ಜನ ಇದ್ದರೆ ಇದರಲ್ಲಿ ಮೂವತ್ತು ಚಿಲ್ಲರೆ, ಹೆಚ್ಚಿನವರು ಅಧಿಕಾರಿಗಳೇ. ಆರು ವಿಭಾಗಗಳಲ್ಲಿ ಮೂರನೆಯದರಲ್ಲೇ ಎಲ್ಲರ ವಾಸ, ಕೆಲಸ. ಅದರ ಮೇಲೆ ಇಡೀ ಸಿಬ್ಬಂದಿಯನ್ನು ಹೊತ್ತು ಮೇಲೇಳುವ ರಕ್ಷಣಾ ಕೋಶ. ಟರ್ಬೈನ್, ರಿಯಾಕ್ಟರ್ ವಿಭಾಗದಲ್ಲಿ ಕಾಯಂ ಯಾರೂ ಇರುತ್ತಿರಲಿಲ್ಲ. ಜನರೇಟರ್, ಮೋಟಾರು ಚಿಕ್ಕದಾಗಲೆಂದು ಕರೆಂಟನ್ನೂ 50ರ ಬದಲು 400 ಹರ್ಟ್ಸ್‌ಗೆ ಇಟ್ಟಿದ್ದರು. ಸಮುದ್ರದಲ್ಲಿ ರಿಪೇರಿಗೆ ಕೈಗಳಿಲ್ಲ ಅಂದ ಮೇಲೆ ಆ ಕೆಲಸವೆಲ್ಲ ದಡಕ್ಕೆ ಬಂತು. ದಡದಲ್ಲಿ ನುರಿತ ತಂಡ, ಬಿಡಿಭಾಗ, ಉಗಿ ಮೂರೂ ಬೇಕಿತ್ತು. ನೌಕೆಗೆ ಸುರಿದ ಬುದ್ಧಿ, ಹಣದಲ್ಲಿ ಒಂದು ಪಾಲು ಧಕ್ಕೆಗೂ ಹೋಗಿದ್ದರೆ ಇವು ಹೆಚ್ಚು ವರ್ಷ ಓಡುತ್ತಿದ್ದವು. ಬಹುತೇಕ ನೌಕೆಗಳನ್ನು 1990ರಲ್ಲಿ ತೆಗೆದರು, ರಿಯಾಕ್ಟರ್ ಬದಲಿಸಿದ್ದ ಕೆ-123 ಮಾತ್ರ 1996ರವರೆಗೆ ಉಳಿಯಿತು.

ವಿನ್ಯಾಸದಲ್ಲಿ ನಾನು ಒಪ್ಪದ ಅಂಶ ಸದ್ದು. ಪೂರ್ಣ ವೇಗದಲ್ಲಿ ಇದು ಬಹುದೂರಕ್ಕೆ ಕೇಳಿಸುತ್ತಿತ್ತು. ಟಾರ್ಪಿಡೋವನ್ನು ಓಡಿ ತಪ್ಪಿಸಿಕೊಳ್ಳುತ್ತೇನೆ ಅನ್ನುವ ನಂಬಿಕೆಯ ಮೇಲೆ ನಿಂತ ನೌಕೆ ಇದು. ಅಮೆರಿಕದವರು ಮಾರ್ಕ್-48 ಟಾರ್ಪಿಡೋವನ್ನು ಸುಧಾರಿಸಿ, ಬ್ರಿಟನ್‌ನವರು ಸ್ಪಿಯರ್‌ಫಿಶ್ ತಂದಾಗ ಆ ನಂಬಿಕೆ ಸಡಿಲವಾಯಿತು. ಸೋವಿಯತ್ ವಿನ್ಯಾಸಕರೂ ಮುಂದೆ ವೇಗ ಬಿಟ್ಟು ಮೌನದ ಕಡೆ ತಿರುಗಿದರು.

ಒಂದು ಎಚ್ಚರಿಕೆ, ಪ್ರಶ್ನೋತ್ತರದಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. 2012ರಲ್ಲಿ ವಿಶಾಖಪಟ್ಟಣದಲ್ಲಿ ನಮ್ಮ ನೌಕಾಪಡೆಗೆ ಸೇರಿ 2021ರಲ್ಲಿ ವಾಪಸ್ಸಾದ ಐಎನ್‌ಎಸ್ ಚಕ್ರ ಈ ಜಾತಿಯದಲ್ಲ. ಅದು ಪ್ರಾಜೆಕ್ಟ್ 971, ಉಕ್ಕಿನ ಒಡಲು, 190 ಮೆಗಾವ್ಯಾಟ್‌ನ ನೀರಿನ ರಿಯಾಕ್ಟರ್. 1988ರಿಂದ 1991ರವರೆಗೆ ಇದ್ದ ಮೊದಲ ಚಕ್ರ ಪ್ರಾಜೆಕ್ಟ್ 670, ಕ್ಷಿಪಣಿ ನೌಕೆ, ಅದರದ್ದೂ ನೀರಿನ ರಿಯಾಕ್ಟರೇ. ಹಾಗೇ 44.7 ನಾಟ್ ದಾಖಲೆಯೂ 705ರದ್ದಲ್ಲ. ಅದು ಎರಡು ನೀರಿನ ರಿಯಾಕ್ಟರ್ ಇದ್ದ ಪ್ರಾಜೆಕ್ಟ್ 661ರದ್ದು, 1970ರಲ್ಲಿ.