ಸಣ್ಣ ಸೌರಫಲಕವನ್ನು ಎಷ್ಟು ಓರೆಯಾಗಿ ನಿಲ್ಲಿಸಬೇಕು?

ಪ್ರಶ್ನೆ: ಧಾರವಾಡದ ನಮ್ಮ ಮನೆಯ ತಾರಸಿಯಲ್ಲಿ 40 ವ್ಯಾಟ್‌ನ ಸೌರಫಲಕವನ್ನು ಮಲಗಿಸಿಟ್ಟು 12 ವೋಲ್ಟ್ ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿದ್ದೇನೆ. ಡಿಸೆಂಬರಿನ ಬಿಸಿಲು ಚೆನ್ನಾಗಿದ್ದರೂ ಸಂಜೆಯೊಳಗೆ ಬ್ಯಾಟರಿ ತುಂಬುತ್ತಿಲ್ಲ. ಫಲಕವನ್ನು ಯಾವ ದಿಕ್ಕಿಗೆ, ಎಷ್ಟು ಓರೆಯಾಗಿ ನಿಲ್ಲಿಸಬೇಕೆಂದು ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1: ಧಾರವಾಡವು ಸುಮಾರು 15.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ, ವರ್ಷವಿಡೀ ಒಂದೇ ಕಡೆ ಬಿಡುವುದಾದರೆ ಫಲಕವನ್ನು ದಕ್ಷಿಣಕ್ಕೆ ಮುಖಮಾಡಿ 15 ಡಿಗ್ರಿಯಷ್ಟು ಓರೆಯಾಗಿಸಿದರೆ ಸಾಕು. ಆದರೆ ಡಿಸೆಂಬರಿನ ಮಧ್ಯಾಹ್ನ ಸೂರ್ಯನು ನೆತ್ತಿಯಿಂದ ಸುಮಾರು 39 ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ; ಆದ್ದರಿಂದ ಹೊಂದಿಸಬಹುದಾದ ಸ್ಟ್ಯಾಂಡ್ ಇದ್ದರೆ ಈಗ 30 ಡಿಗ್ರಿಗೆ ಏರಿಸಿ. ಮೇ ತಿಂಗಳಿನಿಂದ ಜುಲೈವರೆಗೆ ಸೂರ್ಯನು ನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿಯುವುದರಿಂದ, ಮಳೆನೀರು ಹರಿದುಹೋಗುವಷ್ಟು ಇಳಿಜಾರು ಉಳಿಸಿಕೊಂಡರಾಯಿತು.

ಉತ್ತರ 2: ಕೋನಕ್ಕಿಂತ ಮೊದಲು ನೆರಳನ್ನು ನೋಡಬೇಕೆಂಬುದು ನನ್ನ ಅಭಿಪ್ರಾಯ. ಫಲಕದ ಕೋಶಗಳು ಒಂದಕ್ಕೊಂದು ಸರಣಿಯಲ್ಲಿ ಜೋಡಣೆಯಾಗಿರುವುದರಿಂದ, ಒಂದೇ ಕೋಶ ಪೂರ್ತಿ ನೆರಳಿನಲ್ಲಿದ್ದರೂ ಇಡೀ ಫಲಕದ ವಿದ್ಯುತ್ ಕುಸಿಯುತ್ತದೆ.

ಪ್ರಶ್ನೆ ಕೇಳಿದವರು: ಬೆಳಿಗ್ಗೆ ಹತ್ತು ಗಂಟೆಯವರೆಗೂ ನೀರಿನ ಟ್ಯಾಂಕಿನ ನೆರಳು ಒಂದು ಮೂಲೆಯ ಮೇಲೆ ಬೀಳುತ್ತದೆ.

ಉತ್ತರ 2: ಹಾಗಿದ್ದರೆ ಮೊದಲು ಜಾಗ ಬದಲಿಸಿ. ಫಲಕ ಕಾದಷ್ಟೂ ಅದರ ವೋಲ್ಟೇಜ್ ಇಳಿಯುವುದರಿಂದ ಕೆಳಗೆ ಗಾಳಿಯಾಡಲು ಒಂದು ಗೇಣು ಜಾಗವನ್ನೂ ಬಿಡಿ.