ಹೈವೇಯಲ್ಲಿ ಓಡಿಸಿದರೂ ಡಿಪಿಎಫ್ ಲೈಟ್ ಹೋಗ್ತಿಲ್ಲ, ಫಿಲ್ಟರ್ ಬದಲಿಸಲೇಬೇಕಾ?

ತಿರುವುರಸ್ತೆ:

ಎಲ್ಲರಿಗೂ ನಮಸ್ಕಾರ. ನನ್ನದು 2 ಲೀಟರ್ ಡೀಸೆಲ್ ಕಾರು, 92,000 ಕಿ.ಮೀ. ಓಡಿದೆ. ಕೆಲವು ತಿಂಗಳಿಂದ ಡಿಪಿಎಫ್ (ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಲೈಟ್ ಪದೇ ಪದೇ ಬರುತ್ತಿದೆ. ಕಾರಿನ ಪುಸ್ತಕದಲ್ಲಿ ಹೇಳಿದ ಹಾಗೆ ಹೈವೇಗೆ ಹೋಗಿ ಅರ್ಧ ಗಂಟೆ 80–90ರಲ್ಲಿ ಓಡಿಸಿದೆ. ಲೈಟ್ ಹೋಗಲಿಲ್ಲ. ಕೆಲವು ದಿನಕ್ಕೆ ಎಂಜಿನ್ ಲೈಟ್ ಕೂಡ ಬಂತು, ಪಿಕಪ್ಪೇ ಇಲ್ಲ.

ಗ್ಯಾರೇಜ್‌ನಲ್ಲಿ ಸ್ಕ್ಯಾನರ್ ಹಾಕಿದರು. ಕೋಡ್ ಪಿ2463. ನಿಂತ ಜಾಗದಲ್ಲೇ ಸ್ಕ್ಯಾನರ್‌ನಿಂದ ರೀಜೆನ್ (ಫಿಲ್ಟರ್‌ನಲ್ಲಿ ತುಂಬಿದ ಮಸಿ ಸುಡುವುದು) ಮಾಡಿಸಿದರು. ಗಾಡಿ ಹೊಸದರ ಹಾಗೆ ಓಡಿತು. ಸ್ವಲ್ಪ ದಿನಕ್ಕೆ ಮತ್ತೆ ಅದೇ ಲೈಟ್. ಮತ್ತೆ ರೀಜೆನ್ ಮಾಡಿದರು, ಮತ್ತೆ ಬಂತು. ಈಗ "ಫಿಲ್ಟರ್ ಹೋಗಿದೆ, ಹೊಸದೇ ಹಾಕಬೇಕು" ಅನ್ನುತ್ತಿದ್ದಾರೆ. ಅದು ಸಣ್ಣ ಖರ್ಚಲ್ಲ. ಮೈಲೇಜ್ ಕೂಡ ಮೊದಲಿನಷ್ಟು ಇಲ್ಲ. ದಿನದ ಓಡಾಟ ಹತ್ತು ಹನ್ನೆರಡು ಕಿ.ಮೀ., ವಾರಕ್ಕೊಮ್ಮೆ ಉದ್ದದ ದಾರಿ. ನಿಜವಾಗಲೂ ಫಿಲ್ಟರ್ ಹೋಗಿದೆಯಾ? ಗೊತ್ತಿರುವವರು ದಯವಿಟ್ಟು ಹೇಳಿ.

ನಾಲ್ಕುಚಕ್ರ:

ಫಿಲ್ಟರ್ ಒಳಗಿನದು ತೆಗೆಸಿ, ಸಾಫ್ಟ್‌ವೇರ್‌ನಲ್ಲಿ ಆಫ್ ಮಾಡಿಸಿಬಿಡಿ ಸರ್. ತಲೆನೋವೇ ಇರಲ್ಲ. ಪಿಕಪ್ಪೂ ಜಾಸ್ತಿ ಆಗುತ್ತೆ.

ಹಳೇಸ್ಪ್ಯಾನರ್:

ದಯವಿಟ್ಟು ಅದನ್ನು ಮಾಡಬೇಡಿ. ಎಷ್ಟೋ ದೇಶಗಳಲ್ಲಿ ಅದು ಕಾನೂನಿಗೆ ವಿರುದ್ಧ, ತಪಾಸಣೆಯಲ್ಲಿ ಗಾಡಿ ಫೇಲ್ ಆಗುತ್ತದೆ. ಅದಕ್ಕಿಂತ ದೊಡ್ಡ ವಿಷಯ, ಆ ಫಿಲ್ಟರ್ ಹಿಡಿಯುವುದು ಕಣ್ಣಿಗೆ ಕಾಣದಷ್ಟು ಸಣ್ಣ ಮಸಿಯನ್ನು. ಶ್ವಾಸಕೋಶದ ಆಳಕ್ಕೆ ಹೋಗುವುದು ಅದೇ. ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ. ಹಿಂದೆ ಬೈಕ್‌ನಲ್ಲಿ ಬರುವವರು, ಪಕ್ಕದಲ್ಲಿ ನಡೆಯುವ ಮಕ್ಕಳು ಅದನ್ನು ಉಸಿರಾಡಬೇಕು. ಸಮಸ್ಯೆ ಏನು ಅಂತ ಹುಡುಕುವ ಮೊದಲೇ ಫಿಲ್ಟರ್ ತೆಗೆದರೆ, ಮಸಿ ಜಾಸ್ತಿ ಬರಲು ಕಾರಣವಾದ ದೋಷ ಎಂಜಿನ್‌ನಲ್ಲಿ ಹಾಗೇ ಉಳಿಯುತ್ತದೆ.

ಈಗ ತಿರುವುರಸ್ತೆಯವರ ವಿಷಯ. ನನ್ನ ಅನುಭವದಲ್ಲಿ "ಫಿಲ್ಟರ್ ಹೋಗಿದೆ" ಅಂತ ಬರುವ ಗಾಡಿಗಳಲ್ಲಿ ಫಿಲ್ಟರ್ ಚೆನ್ನಾಗೇ ಇರುವುದು ಜಾಸ್ತಿ. ಬೇರೆ ಎಲ್ಲೋ ಏನೋ ಕೆಟ್ಟಿರುತ್ತದೆ, ಅದರ ಲೆಕ್ಕ ಫಿಲ್ಟರ್‌ನಲ್ಲಿ ತೋರುತ್ತದೆ. ಹಾಗಾಗಿ ಅದು ಹೇಗೆ ಕೆಲಸ ಮಾಡುತ್ತದೆ ಅಂತ ಮೊದಲು ಸ್ವಲ್ಪ ಹೇಳುತ್ತೇನೆ. ಅರ್ಥವಾದರೆ ಮುಂದಿನ ಟೆಸ್ಟ್‌ಗಳನ್ನು ನೀವೇ ಮಾಡಬಹುದು.

ಡಿಪಿಎಫ್ ಅಂದರೆ ಸೈಲೆನ್ಸರ್ ಪೈಪಿನಲ್ಲಿ ಕೂತಿರುವ ಒಂದು ಸೆರಾಮಿಕ್ ಗಟ್ಟಿ. ಸಾಮಾನ್ಯವಾಗಿ ಸಿಲಿಕಾನ್ ಕಾರ್ಬೈಡ್ ಅಥವಾ ಕಾರ್ಡಿಯರೈಟ್‌ನಿಂದ ಮಾಡಿರುತ್ತಾರೆ. ಒಳಗೆ ಉದ್ದಕ್ಕೂ ತೆಳ್ಳಗಿನ ಸಾವಿರಾರು ಕೊಳವೆಗಳು. ಒಂದರ ಹಿಂದಿನ ಬಾಯಿ ಮುಚ್ಚಿದ್ದರೆ ಪಕ್ಕದ್ದರ ಮುಂದಿನ ಬಾಯಿ ಮುಚ್ಚಿರುತ್ತದೆ. ಹೊಗೆ ಒಳಗೆ ಬಂದ ಕೊಳವೆಯಿಂದ ನೇರ ಹೊರಗೆ ಹೋಗುವ ಹಾಗಿಲ್ಲ. ಗೋಡೆಯಲ್ಲಿರುವ ಸಣ್ಣ ರಂಧ್ರಗಳ ಮೂಲಕ ಪಕ್ಕದ ಕೊಳವೆಗೆ ದಾಟಲೇಬೇಕು. ಗಾಳಿ ದಾಟುತ್ತದೆ, ಮಸಿ ಗೋಡೆಯ ಮೇಲೆ ನಿಲ್ಲುತ್ತದೆ.

ನಿಂತ ಮಸಿಯನ್ನು ಸುಡಬೇಕಲ್ಲ. ಅದಕ್ಕೆ ಎರಡು ದಾರಿ. ಉದ್ದದ ದಾರಿಯಲ್ಲಿ ಎಂಜಿನ್ ಮೇಲೆ ಲೋಡ್ ಇದ್ದಾಗ ಹೊಗೆ ಸುಮಾರು 250ರಿಂದ 400 ಡಿಗ್ರಿ ಬಿಸಿ ಇರುತ್ತದೆ. ಫಿಲ್ಟರ್‌ಗಿಂತ ಮುಂಚೆ ಇರುವ ಕ್ಯಾಟಲಿಸ್ಟ್ ಹೊಗೆಯಲ್ಲಿ ನೈಟ್ರೋಜನ್ ಡೈಆಕ್ಸೈಡ್ ಹುಟ್ಟಿಸುತ್ತದೆ, ಅದು ಮಸಿಯನ್ನು ಸದ್ದಿಲ್ಲದೆ ನಿಧಾನಕ್ಕೆ ತಿನ್ನುತ್ತಾ ಹೋಗುತ್ತದೆ. ಇದು ಪ್ಯಾಸಿವ್ ರೀಜೆನ್. ಊರೊಳಗಿನ ಓಡಾಟದಲ್ಲಿ ಅಷ್ಟು ಬಿಸಿ ಬರುವುದಿಲ್ಲ, ಮಸಿ ತುಂಬುತ್ತದೆ. ಒಂದು ಮಟ್ಟ ಮುಟ್ಟಿದಾಗ ಎಂಜಿನ್ ಕಂಪ್ಯೂಟರ್ ತಾನೇ ಆಕ್ಟಿವ್ ರೀಜೆನ್ ಶುರು ಮಾಡುತ್ತದೆ. ಸಿಲಿಂಡರ್‌ಗೆ ತಡವಾಗಿ ಸ್ವಲ್ಪ ಹೆಚ್ಚುವರಿ ಡೀಸೆಲ್ ಹಾಕುತ್ತದೆ. ಅದು ಕ್ಯಾಟಲಿಸ್ಟ್‌ನಲ್ಲಿ ಉರಿದು ಫಿಲ್ಟರ್ 600 ಡಿಗ್ರಿ ಹತ್ತಿರಕ್ಕೆ ಹೋಗುತ್ತದೆ, ಮಸಿ ಉರಿದುಹೋಗುತ್ತದೆ. ಬಹುತೇಕ ಕಾರುಗಳಲ್ಲಿ ಕೆಲವು ನೂರು ಕಿ.ಮೀ.ಗೊಮ್ಮೆ ಇದು ನಡೆಯುತ್ತದೆ, ಹತ್ತು ಇಪ್ಪತ್ತು ನಿಮಿಷ ಬೇಕು. ಐಡ್ಲಿಂಗ್ ಸ್ವಲ್ಪ ಏರಿರುವುದು, ಇಳಿದ ಮೇಲೂ ಫ್ಯಾನ್ ಜೋರಾಗಿ ತಿರುಗುವುದು, ಬಿಸಿ ವಾಸನೆ, ತಾನಾಗಿ ಆಫ್ ಆಗುವ ಎಂಜಿನ್ ಸಿಗ್ನಲ್‌ನಲ್ಲಿ ಆಫ್ ಆಗದಿರುವುದು, ಇವೆಲ್ಲ ರೀಜೆನ್ ನಡೆಯುತ್ತಿದೆ ಅನ್ನುವುದರ ಗುರುತು.

ಮುಖ್ಯ ವಿಷಯ ಇಲ್ಲಿದೆ. ಕಂಪ್ಯೂಟರ್ ರೀಜೆನ್‌ಗೆ ಒಪ್ಪಬೇಕಾದರೆ ಕೆಲವು ಶರತ್ತುಗಳಿವೆ. ಎಂಜಿನ್ ಪೂರ್ತಿ ಬಿಸಿಯಾಗಿರಬೇಕು. ಟ್ಯಾಂಕ್ ರಿಸರ್ವ್‌ನಲ್ಲಿ ಇರಬಾರದು. ಇಜಿಆರ್ (ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್‌ಗೆ ಕಳಿಸುವ ವಾಲ್ವ್), ಇಂಜೆಕ್ಟರ್, ಸೆನ್ಸರ್‌ಗಳ ದೋಷದ ಕೋಡ್ ಇರಬಾರದು. ಒಂದು ಶರತ್ತು ತಪ್ಪಿದರೂ ನೀವು ಹೈವೇಯಲ್ಲಿ ಇಡೀ ದಿನ ಓಡಿಸಿದರೂ ಅದು ರೀಜೆನ್ ಶುರು ಮಾಡದೇ ಇರಬಹುದು.

ಹಾಗಾಗಿ ನಿಮ್ಮಿಂದ ಇಷ್ಟು ಬೇಕು. ಮೊದಲು ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಆಯಿಲ್ ಡಿಪ್‌ಸ್ಟಿಕ್ ನೋಡಿ, ಮೇಲಿನ ಗೀಟು ದಾಟಿದೆಯಾ? ಒಂದು ಓಬಿಡಿ ಸ್ಕ್ಯಾನರ್ (ಕಾರಿಗೆ ಸಿಕ್ಕಿಸಿ ಫೋನ್‌ನಲ್ಲಿ ರೀಡಿಂಗ್ ನೋಡುವ ಸಾಧನ) ತಗೊಂಡು, ಇಗ್ನಿಷನ್ ಆನ್ ಮಾಡಿ ಎಂಜಿನ್ ಸ್ಟಾರ್ಟ್ ಮಾಡದೆ, ಫಿಲ್ಟರ್‌ನ ಡಿಫರೆನ್ಷಿಯಲ್ ಪ್ರೆಷರ್ (ಫಿಲ್ಟರ್‌ನ ಮುಂದೆ ಮತ್ತು ಹಿಂದೆ ಇರುವ ಒತ್ತಡದ ವ್ಯತ್ಯಾಸ) ಎಷ್ಟು ತೋರಿಸುತ್ತದೆ ನೋಡಿ. ಆಮೇಲೆ ಕೂಲಂಟ್ (ಎಂಜಿನ್ ತಣ್ಣಗಿಡುವ ನೀರು) ಟೆಂಪರೇಚರ್, ಊರೊಳಗೆ ಎಷ್ಟು, ಹೈವೇಯಲ್ಲಿ ಎಷ್ಟು ಅಂತ ಬೇರೆ ಬೇರೆ ಬರೆದುಕೊಳ್ಳಿ. ಓದುವ ಕೆಲಸ ಪಕ್ಕದಲ್ಲಿ ಕೂತವರಿಗೆ ಕೊಡಿ, ಓಡಿಸುತ್ತಾ ಫೋನ್ ನೋಡಬೇಡಿ.

ಮೈಲಿಗಲ್ಲು:

ಸರ್, ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನದೂ ಡೀಸೆಲ್. ಆಡ್‌ಬ್ಲೂ ಚೆನ್ನಾಗಿ ತುಂಬಿಸಿದರೆ ಫಿಲ್ಟರ್ ಕ್ಲೀನ್ ಆಗುತ್ತೆ ಅಂತಾರಲ್ವಾ? ಮತ್ತೆ 92,000 ಅಂದರೆ ಬೂದಿ ತುಂಬಿರಬಹುದಲ್ಲ?

ಹಳೇಸ್ಪ್ಯಾನರ್:

ಆಡ್‌ಬ್ಲೂಗೂ ಮಸಿಗೂ ಸಂಬಂಧ ಇಲ್ಲ. ಅದು ನೈಟ್ರೋಜನ್ ಆಕ್ಸೈಡ್ ಕಡಿಮೆ ಮಾಡಲು, ಎಸ್‌ಸಿಆರ್ ಅನ್ನುವ ಬೇರೆ ವ್ಯವಸ್ಥೆಗೆ. ಅದನ್ನು ಡೀಸೆಲ್ ಟ್ಯಾಂಕಿಗಂತೂ ಅಪ್ಪಿತಪ್ಪಿಯೂ ಹಾಕಬೇಡಿ. ಕೆಲವು ಕಾರುಗಳಲ್ಲಿ ಡಿಪಿಎಫ್‌ಗೆ ಅಂತಲೇ ಡೀಸೆಲ್‌ಗೆ ಸೇರುವ ದ್ರವದ ಸಣ್ಣ ಟ್ಯಾಂಕ್ ಇರುತ್ತದೆ, ಅದು ಬೇರೆ. 2000ದಲ್ಲಿ ಬಂದ ಪ್ಯೂಜೊ 607ರಲ್ಲಿ ಸೀರಿಯಂ ಇರುವ ಇಂಥ ದ್ರವ ಇತ್ತು, ಅದರಿಂದ ಮಸಿ ಕಡಿಮೆ ಬಿಸಿಯಲ್ಲೇ ಉರಿಯುತ್ತಿತ್ತು.

ಬೂದಿಯ ಪ್ರಶ್ನೆ ಒಳ್ಳೆಯದು. ಮಸಿ ಉರಿಯುತ್ತದೆ, ಬೂದಿ ಉರಿಯುವುದಿಲ್ಲ. ಬೂದಿ ಬರುವುದು ಹೆಚ್ಚಾಗಿ ಎಂಜಿನ್ ಆಯಿಲ್‌ನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ, ಜಿಂಕ್‌ನಿಂದ. ಅದಕ್ಕೇ ಡಿಪಿಎಫ್ ಗಾಡಿಗೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು. ಕಾರಿನ ಪುಸ್ತಕದಲ್ಲಿ ಎಸಿಇಎ ಸಿ2, ಸಿ3 ಅಂತ ಯಾವ ಆಯಿಲ್ ದರ್ಜೆ ಬರೆದಿದೆಯೋ ಅದನ್ನೇ ಹಾಕಿ, ಸಿಕ್ಕಿದ ಆಯಿಲ್ ಹಾಕಿಸಬೇಡಿ. ಬೂದಿ ತುಂಬಿದರೆ ಫಿಲ್ಟರ್ ಬಿಚ್ಚಿ ಕ್ಲೀನ್ ಮಾಡಿಸಬೇಕು, ಅದಾಗದಿದ್ದರೆ ಬದಲಿಸಬೇಕು. ಆದರೆ ಬೂದಿ ತುಂಬಿದ್ದರೆ ರೀಜೆನ್ ಆದ ಮೇಲೂ ಪ್ರೆಷರ್ ಇಳಿಯುವುದಿಲ್ಲ. ಇವರ ಗಾಡಿ ರೀಜೆನ್ ಆದ ಕೂಡಲೇ ಚೆನ್ನಾಗಿ ಓಡಿದೆ. ಹಾಗಾಗಿ ನನಗೆ ಬೂದಿಯ ಮೇಲೆ ಅನುಮಾನ ಕಡಿಮೆ. ಬೂದಿಯ ಕೋಡ್ ಕೂಡ ಬೇರೆ, ಪಿ242ಎಫ್.

ತಿರುವುರಸ್ತೆ:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್ ಸರ್. ನೋಡಿದೆ.

ಆಯಿಲ್ ಮೇಲಿನ ಗೀಟಿಗಿಂತ ಒಂದು ಬೆರಳಷ್ಟು ಮೇಲಿದೆ! ಮೂಸಿದರೆ ಡೀಸೆಲ್ ವಾಸನೆ. ಸ್ಟಾರ್ಟ್ ಮಾಡದೆ ಪ್ರೆಷರ್ ಸೊನ್ನೆ. ಕೂಲಂಟ್ ಊರೊಳಗೆ ನಿಧಾನಕ್ಕೆ ಏರಿ 78ಕ್ಕೆ ಬಂತು. ಹೈವೇಗೆ ಹೋದ ಮೇಲೆ ಇಳಿಯುತ್ತಾ ಬಂದು 64ಕ್ಕೆ ನಿಂತಿತು. ಇಳಿಜಾರಿನಲ್ಲಿ ಇನ್ನೂ ಕಡಿಮೆ. ಆದರೆ ಮೀಟರ್ ಬೋರ್ಡ್‌ನಲ್ಲಿ ಎಂಜಿನ್ ತಣ್ಣಗಿದೆ ಅಂತ ತೋರಿಸುವ ನೀಲಿ ಲೈಟ್ ಬೇಗ ಆಫ್ ಆಗುತ್ತದೆ, ಬೇರೆ ಯಾವ ವಾರ್ನಿಂಗೂ ಇಲ್ಲ.

ಹಳೇಸ್ಪ್ಯಾನರ್:

ಸಿಕ್ಕಿತು ಅನ್ನಿಸುತ್ತದೆ. ಗಾಡಿಯನ್ನು ಈಗ ಓಡಿಸಬೇಡಿ, ಕಾರಣ ಕೊನೆಯಲ್ಲಿ ಹೇಳುತ್ತೇನೆ.

ಪ್ರೆಷರ್ ಸೊನ್ನೆ ಅಂದರೆ ಆ ಸೆನ್ಸರ್ ಮಟ್ಟಿಗೆ ಮೊದಲ ಟೆಸ್ಟ್ ಪಾಸ್. ಎಂಜಿನ್ ನಿಂತಿರುವಾಗಲೇ ಅದು ಪ್ರೆಷರ್ ತೋರಿಸಿದ್ದರೆ ಸೆನ್ಸರೇ ಸುಳ್ಳು ಹೇಳುತ್ತಿದೆ ಅಂತ. ಆದರೂ ಅದಕ್ಕೆ ಹೋಗುವ ಎರಡು ಸಣ್ಣ ಹೋಸ್‌ಗಳನ್ನು ಒಮ್ಮೆ ಕೈಯಲ್ಲಿ ಮುಟ್ಟಿ ನೋಡಿ. ಬಿಸಿಗೆ ಬಿರುಕು ಬಿಟ್ಟಿರುತ್ತವೆ, ಕೆಲವು ಸಲ ಮಸಿ ಕಟ್ಟಿರುತ್ತದೆ.

ಅಸಲಿ ಸುಳಿವು ಕೂಲಂಟ್. ಬಿಸಿಯಾದ ಎಂಜಿನ್ ಸಾಮಾನ್ಯವಾಗಿ 85ರಿಂದ 95 ಡಿಗ್ರಿ ನಡುವೆ ಇರಬೇಕು, ಊರೊಳಗೂ ಹೈವೇಯಲ್ಲೂ. ನಿಮ್ಮದು ವೇಗ ಹೆಚ್ಚಾದಂತೆ ತಣ್ಣಗಾಗುತ್ತಿದೆ. ಅಂದರೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರ್‌ಗೆ ಬಿಡದ ವಾಲ್ವ್) ಮುಚ್ಚಿಕೊಳ್ಳುತ್ತಿಲ್ಲ, ತೆರೆದೇ ಕೂತಿದೆ. ನೀರು ಸದಾ ರೇಡಿಯೇಟರ್‌ಗೆ ಹೋಗುತ್ತಿದೆ. ಗಾಳಿ ಜೋರಾಗಿ ಬಡಿದಷ್ಟೂ ಎಂಜಿನ್ ತಣ್ಣಗಾಗುತ್ತದೆ.

ನಿಮ್ಮ ಕಥೆಯಲ್ಲಿ ನನಗೆ ವಿಚಿತ್ರ ಅನ್ನಿಸಿದ್ದು ಇದೇ. ಮಸಿ ಉರಿಯಲು ಎಲ್ಲಕ್ಕಿಂತ ಒಳ್ಳೆಯ ಜಾಗ ಹೈವೇ. ಅಲ್ಲಿ ಉರಿಯಲಿಲ್ಲ, ಗ್ಯಾರೇಜ್‌ನಲ್ಲಿ ನಿಂತಲ್ಲೇ ಉರಿಯಿತು. ಯಾಕೆಂದರೆ ನಿಂತಾಗ ಎದುರಿನಿಂದ ಗಾಳಿ ಇಲ್ಲ, ಆರ್‌ಪಿಎಂ ಏರಿಸಿ ಇಟ್ಟಿರುತ್ತಾರೆ, ಎಂಜಿನ್ ಬೇಕಾದಷ್ಟು ಬಿಸಿಯಾಯಿತು. ರಸ್ತೆಗೆ ಬಂದ ಮೇಲೆ ಕಂಪ್ಯೂಟರ್ ಎಂಜಿನ್ ಇನ್ನೂ ಬಿಸಿಯಾಗಿಲ್ಲ ಅಂದುಕೊಂಡು ಕಾಯುತ್ತಲೇ ಇರುತ್ತದೆ. ಊರೊಳಗೆ ಹೇಗೋ 70 ದಾಟಿದಾಗ ರೀಜೆನ್ ಶುರು ಆಗಿರಬಹುದು, ಅಷ್ಟರಲ್ಲಿ ನಿಮ್ಮ ಮನೆ ಬಂದಿರುತ್ತದೆ. ಅರ್ಧಕ್ಕೆ ನಿಂತ ರೀಜೆನ್‌ಗಳ ಡೀಸೆಲ್ಲೇ ನಿಮ್ಮ ಆಯಿಲ್‌ನಲ್ಲಿ ಇರುವುದು. ತಡವಾಗಿ ಹಾಕಿದ ಡೀಸೆಲ್ ಪೂರ್ತಿ ಹೊರಗೆ ಹೋಗದೆ ಸ್ವಲ್ಪ ಸಿಲಿಂಡರ್ ಗೋಡೆಯಲ್ಲಿ ಇಳಿದು ಆಯಿಲ್‌ಗೆ ಸೇರುತ್ತದೆ. ತಣ್ಣಗಿನ ಎಂಜಿನ್ ಮಸಿಯನ್ನೂ ಜಾಸ್ತಿ ಮಾಡುತ್ತದೆ, ಡೀಸೆಲ್ಲೂ ಜಾಸ್ತಿ ಕುಡಿಯುತ್ತದೆ. ಮೈಲೇಜ್ ಬಿದ್ದಿದ್ದಕ್ಕೆ ಇದೂ ಒಂದು ಕಾರಣ.

ನೀಲಿ ಲೈಟ್ ನಂಬಬೇಡಿ. ಅದು ಎಂಜಿನ್ ಪೂರ್ತಿ ಬಿಸಿಯಾಗುವುದಕ್ಕಿಂತ ಎಷ್ಟೋ ಮೊದಲೇ ಆಫ್ ಆಗುತ್ತದೆ. ಮುಳ್ಳಿನ ಮೀಟರ್ ಇದ್ದರೂ ಅಷ್ಟೇ, ಎಷ್ಟೋ ಕಾರುಗಳಲ್ಲಿ ಅದು ಸಾಕಷ್ಟು ಏರುಪೇರು ಇದ್ದರೂ ನಡುವೆಯೇ ನಿಂತಿರುವ ಹಾಗೆ ಮಾಡಿರುತ್ತಾರೆ. ಇಂಥ ದೋಷಕ್ಕೆ ಪಿ0128 ಅನ್ನುವ ಕೋಡ್ ಇದೆ, ಆದರೆ ಪ್ರತಿ ಸಲ ಬರುವುದಿಲ್ಲ.

ಈಗ ಏನು ಮಾಡಬೇಕು? ಥರ್ಮೋಸ್ಟಾಟ್ ಬದಲಿಸಿ, ಕೂಲಂಟ್ ತುಂಬಿಸಿ ಗಾಳಿ ತೆಗೆಸಿ. ಆಯಿಲ್ ಮತ್ತು ಆಯಿಲ್ ಫಿಲ್ಟರ್ ಎರಡನ್ನೂ ಬದಲಿಸಿ. ಇದನ್ನು ಮುಂದೂಡಬೇಡಿ. ಡೀಸೆಲ್ ಬೆರೆತ ಆಯಿಲ್ ತೆಳ್ಳಗಾಗಿ ಬೇರಿಂಗ್‌ಗಳನ್ನೂ ಟರ್ಬೊವನ್ನೂ ಸವೆಸುತ್ತದೆ. ಮಟ್ಟ ತೀರಾ ಏರಿದರೆ ಎಂಜಿನ್ ಆ ಆಯಿಲ್ಲನ್ನೇ ಎಳೆದುಕೊಂಡು ಉರಿಸುತ್ತಾ ತನ್ನಷ್ಟಕ್ಕೆ ಆರ್‌ಪಿಎಂ ಏರಿಸಿಕೊಳ್ಳಬಹುದು, ಕೀ ತೆಗೆದರೂ ನಿಲ್ಲದೇ ಇರಬಹುದು. ಓಡಿಸಬೇಡಿ ಅಂದಿದ್ದು ಇದಕ್ಕೇ. ಎರಡೂ ಕೆಲಸ ಮುಗಿದ ಮೇಲೆ ಕೊನೆಯ ಸಲ ಸ್ಕ್ಯಾನರ್‌ನಿಂದ ರೀಜೆನ್ ಮಾಡಿಸಿ. ಬಯಲಿನಲ್ಲಿ ಮಾಡಲಿ, ಕೆಳಗೆ ಒಣಹುಲ್ಲು ಕಸ ಇರಬಾರದು, ಪೈಪ್ ಸಿಕ್ಕಾಪಟ್ಟೆ ಕಾಯುತ್ತದೆ.

ಮೆಕ್ಯಾನಿಕ್‌ಗೆ ಈ ರೀಡಿಂಗ್‌ಗಳನ್ನು ತೋರಿಸಿ ಮಾತಾಡಿ. ಬರೀ ಕೋಡ್ ನೋಡಿದರೆ ಯಾರಿಗಾದರೂ ಫಿಲ್ಟರ್ ಮೇಲೇ ಕಣ್ಣು ಹೋಗುತ್ತದೆ. ಪಿ2463 ಹೇಳುವುದು ಮಸಿ ತುಂಬಿದೆ ಅಂತ ಮಾತ್ರ, ಯಾಕೆ ತುಂಬಿತು ಅಂತ ಅಲ್ಲ. ಈಗ ಹೊಸ ಫಿಲ್ಟರ್ ಹಾಕಿದ್ದರೆ ಅದೂ ಇದೇ ರೀತಿ ತುಂಬುತ್ತಿತ್ತು.

ನಾಲ್ಕುಚಕ್ರ:

ಥರ್ಮೋಸ್ಟಾಟ್‌ಗೂ ಡಿಪಿಎಫ್‌ಗೂ ಹೀಗೆ ಸಂಬಂಧ ಇದೆ ಅಂತ ಗೊತ್ತಿರಲಿಲ್ಲ. ನನ್ನ ಗಾಡಿಯದ್ದೂ ಚೆಕ್ ಮಾಡಿಸ್ತೀನಿ ಸರ್.

ತಿರುವುರಸ್ತೆ:

ಎಲ್ಲ ಮುಗಿಯಿತು ಸರ್. ಗಾಡಿಯನ್ನು ಓಡಿಸದೆ ಎಳೆಸಿಕೊಂಡೇ ಹೋದೆ. ಥರ್ಮೋಸ್ಟಾಟ್ ಬಿಚ್ಚಿದಾಗ ಸ್ಪ್ರಿಂಗ್ ಮುರಿದು, ಬಾಯಿ ತೆರೆದೇ ಇತ್ತು. ಹೊಸದು ಹಾಕಿ, ಆಯಿಲ್ ಬದಲಿಸಿ, ರೀಜೆನ್ ಮಾಡಿದರು. ಈಗ ಹೈವೇಯಲ್ಲೂ 88–90 ಬಿಟ್ಟು ಅಲ್ಲಾಡುವುದಿಲ್ಲ. ನಿನ್ನೆ ದಾರಿಯಲ್ಲಿ ಗಾಡಿ ತಾನಾಗೇ ರೀಜೆನ್ ಮಾಡಿ ಮುಗಿಸಿದ್ದನ್ನು ಸ್ಕ್ಯಾನರ್‌ನಲ್ಲೇ ನೋಡಿದೆ, ಮಸಿ 21 ಗ್ರಾಂನಿಂದ 4ಕ್ಕೆ ಇಳಿಯಿತು. ನಿಮಗೆ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗುತ್ತಿಲ್ಲ.

ಕೊನೆಯದಾಗಿ ಒಂದು ಕೇಳಲಾ? ನನ್ನ ದಿನದ ಓಡಾಟ ಚಿಕ್ಕದು. ಮುಂದೆ ಇದು ಮತ್ತೆ ಕಾಡುತ್ತಾ? ಮನೆ ತಲುಪುವಾಗ ರೀಜೆನ್ ನಡೆಯುತ್ತಿದ್ದರೆ ಏನು ಮಾಡಲಿ?

ಹಳೇಸ್ಪ್ಯಾನರ್:

ಓದಿ ತುಂಬಾ ಖುಷಿ ಆಯಿತು.

ವಾರಕ್ಕೊಮ್ಮೆ ಉದ್ದದ ದಾರಿ ಇದೆ ಅಂದಿರಲ್ಲ, ಅಷ್ಟು ಸಾಕು. ಅಲ್ಲಿ ಇಪ್ಪತ್ತು ಮೂವತ್ತು ನಿಮಿಷ ಒಂದೇ ಸಮನೆ ಓಡಲಿ, ಆರ್‌ಪಿಎಂ 2000 ಆಸುಪಾಸು ಇರಲಿ. ಜೋರಾಗಿ ಓಡಿಸಬೇಕು ಅಂತೇನಿಲ್ಲ, ಒಂದು ಗೇರ್ ಕಡಿಮೆ ಇಟ್ಟರೂ ಆಗುತ್ತದೆ. ಮನೆ ಹತ್ತಿರ ರೀಜೆನ್ ನಡೆಯುತ್ತಿದ್ದರೆ, ಸಮಯ ಇದ್ದರೆ ಇನ್ನೊಂದು ಸುತ್ತು ಹೋಗಿ ಬನ್ನಿ. ಇಲ್ಲದಿದ್ದರೆ ಆಫ್ ಮಾಡಿ, ಭಯ ಬೇಡ, ಮುಂದಿನ ಸಲ ಶರತ್ತು ಕೂಡಿದಾಗ ಮತ್ತೆ ಶುರುವಾಗುತ್ತದೆ. ಒಂದೆರಡು ಸಲ ಅರ್ಧಕ್ಕೆ ನಿಂತರೆ ಏನೂ ಆಗಲ್ಲ, ಪ್ರತಿ ಸಲವೂ ಹಾಗೇ ಆದರೆ ಕಷ್ಟ. ಡಿಪಿಎಫ್ ಲೈಟ್ ಒಂದೇ ಬಂದರೆ ಉದ್ದದ ದಾರಿಗೆ ಹೋಗಿ. ಜೊತೆಗೆ ಎಂಜಿನ್ ಲೈಟೂ ಬಂದರೆ ಹೋಗಬೇಡಿ, ಮೊದಲು ಸ್ಕ್ಯಾನ್ ಮಾಡಿಸಿ.

ವಾರದ ಆ ಉದ್ದದ ದಾರಿ ಮುಂದೆ ಪೂರ್ತಿ ನಿಂತುಹೋಗಿ ಬರೀ ಚಿಕ್ಕ ಓಡಾಟವೇ ಉಳಿದರೆ, ಮುಂದಿನ ಕಾರು ಪೆಟ್ರೋಲ್ ನೋಡಿ. ಡೀಸೆಲ್ ಎಂಜಿನ್ ಅಂದರೆ ನನಗೆ ಪ್ರಾಣ, ಆದರೂ ಹೇಳುತ್ತಿದ್ದೇನೆ.

ಡಿಪ್‌ಸ್ಟಿಕ್ ಮಾತ್ರ ತಿಂಗಳಿಗೊಮ್ಮೆ ನೋಡುತ್ತಿರಿ. ಎಂಜಿನ್ ಆಯಿಲ್ ಕಡಿಮೆಯಾಗುವುದು ಸಹಜ. ಮಟ್ಟ ಏರುತ್ತಿದ್ದರೆ ಲೈಟ್ ಬರುವ ತನಕ ಕಾಯದೆ ಇಲ್ಲಿ ಬರೆಯಿರಿ.